ಹನ್ನೆರಡು ಶಾಖೆಗಳ ಹೊದಿಕೆ

ಹೆಣಿಗೆ ಎನ್ನುವುದು ಹೆಂಗಸರ ಕೆಲಸ ಎಂದು ಯಾರಾದರೂ ಹೇಳಿದರೆ ಅಂಥವರನ್ನು ದಯವಿಟ್ಟು ನನ್ನ ಹತ್ತಿರ ಕಳುಹಿಸಿ. ನಮ್ಮ ಇಲಾಖೆಯ ಹನ್ನೆರಡು ಶಾಖೆಗಳಲ್ಲಿ, ಮೀಸೆ ಹೊತ್ತ ಗಂಡಸರು, ಲಿಖಿತ ಆದೇಶದ ಮೇರೆಗೆ, ಕಚೇರಿಯ ಕುರ್ಚಿಯಲ್ಲೇ ಕೂತು ಉಲ್ಲನ್ ಹೆಣೆದಿದ್ದಾರೆ. ಆದೇಶ ನನ್ನದು. ಅದು ಕೈತಪ್ಪಿ ಹೋದ ಆದೇಶ ಎಂದು ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಆಡುವವರ ಬಾಯಿ ಹಿಡಿಯುವುದಕ್ಕಾಗುತ್ತದೆಯೇ? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮೆಯಿಲ್ಲ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ನನ್ನದು ಮೂವತ್ತೆರಡು ವರ್ಷದ ಸೇವೆ. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಎಣ್ಣೆ ಅಳೆಯುವ ಲೀಟರು, ಬಟ್ಟೆ ಅಳೆಯುವ ಮೀಟರುಪಟ್ಟಿ ಇವನ್ನೆಲ್ಲ ಪರೀಕ್ಷೆ ಮಾಡಿ, ಸರಿಯಿದ್ದರೆ ಮೊಹರು ಒತ್ತುವುದು, ಸುಳ್ಳಿದ್ದರೆ ಕಿತ್ತುಕೊಂಡು ಬಂದು ಕಚೇರಿಯಲ್ಲಿ ನಾಶ ಮಾಡಿಸುವುದು ನನ್ನ ಕೆಲಸ. ನಾನು ಬೀದಿಗಿಳಿದರೆ ಅಂಗಡಿಯವರು ತಕ್ಕಡಿ ಒರೆಸಲು ಶುರು ಮಾಡುತ್ತಾರೆ. ನಮ್ಮ ಕಟ್ಟಡದಲ್ಲಿ ನನಗೆ 'ಅಳತೆಯವರು' ಅಂತಲೇ ಹೆಸರು. ನನ್ನ ಬೆನ್ನ ಹಿಂದೆ ಬೇರೆ ಹೆಸರೂ ಇದೆ ಎಂದು ಹೆಂಡತಿ ಹೇಳುತ್ತಾಳೆ. ಅದನ್ನು ನಾನು ವಿಚಾರಿಸಲು ಹೋಗಿಲ್ಲ.

ಎಲ್ಲಕ್ಕೂ ಮೂಲ ನಮ್ಮ ಬೀಗಿತ್ತಿ. ಬಸುರಿ ಮಗಳಿಗೆ ಆಗ ಆರು ತಿಂಗಳು ತುಂಬಿತ್ತು. ನೋಡಿಕೊಂಡು ಬರೋಣವೆಂದು ಒಂದು ಭಾನುವಾರ ಅವಳ ಅತ್ತೆಮನೆಗೆ ಹೋದೆವು. ಬೀಗಿತ್ತಿ ನಮ್ಮನ್ನು ಕೂರಿಸಿ, ಬರಲಿರುವ ಮಗುವಿಗಾಗಿ ತಾವು ತಂದ ಸಾಮಾನುಗಳನ್ನು ಒಂದೊಂದಾಗಿ ತಂದು ತಂದು ತೋರಿಸಿದರು. ಪಕ್ಕದಲ್ಲಿ ಬೀಗರು ಕೂತು ತಲೆಯಾಡಿಸುತ್ತಿದ್ದರು. ತಲೆಯಾಡಿಸುವುದು ಅವರ ಮುಖ್ಯ ಉದ್ಯೋಗ. ಮಗಳ ಮದುವೆಯಾಗಿ ಎರಡು ವರ್ಷದಲ್ಲಿ ಅವರ ಬಾಯಿಂದ ಪೂರ್ತಿ ವಾಕ್ಯ ಬಂದದ್ದನ್ನು ನಾನು ಕೇಳಿರಲಿಲ್ಲ. ಕೊನೆಗೆ ಬೀಗಿತ್ತಿ ಒಂದು ಹೊದಿಕೆ ತಂದು ನನ್ನ ತೊಡೆಯ ಮೇಲೆ ಹರಡಿದರು.

"ಮುಟ್ಟಿ ನೋಡಿ ಬೀಗರೇ. ಬೆಣ್ಣೆ ಇದ್ದ ಹಾಗಿದೆ. ದೊಡ್ಡ ಅಂಗಡೀದು. ಎಲ್ಲಾ ನಾವೇ ತಂದಾಯ್ತು. ನಿಮ್ಮ ಕಡೆಯಿಂದ ಏನೂ ತೊಂದರೆ ತಗೋಬೇಡಿ, ಪಾಪ."

'ತೊಂದರೆ ತಗೋಬೇಡಿ' ಎಂದದ್ದನ್ನು ನಾನು ಸಹಿಸಿಕೊಳ್ಳುತ್ತಿದ್ದೆ. ಆ 'ಪಾಪ' ಇದೆಯಲ್ಲ, ಅದು ಹೋಗಿ ನೇರ ಎದೆಗೆ ನಾಟಿತು.

"ನಮ್ಮ ಮನೇಲೂ ಒಂದು ಹೊದಿಕೆ ತಯಾರಾಗ್ತಾ ಇದೆ" ಎಂದೆ. "ಅಂಗಡೀದಲ್ಲ, ಕೈಯಲ್ಲಿ ಹೆಣೆದದ್ದು. ಕ್ರೋಶಾ. ನಲವತ್ತೆಂಟು ಚೌಕ. ಬೇರೆ ಬೇರೆ ಹೆಣೆದು ಆಮೇಲೆ ಜೋಡಿಸೋದು. ಒಂದರ ಮೇಲೆ ಗೋಲಿ ಥರ ಉಬ್ಬು, ಒಂದರ ಮೇಲೆ ಬುಟ್ಟಿ ಹೆಣಿಗೆ, ಒಂದರ ಮೇಲೆ ಏರುಗೆರೆ, ಒಂದರ ಮೇಲೆ ಚಿಪ್ಪು. ಮಗು ಮುಟ್ಟಿದ ಕಡೆಯೆಲ್ಲಾ ಬೇರೆ ಬೇರೆ ಅನ್ನಿಸಬೇಕು, ಅದು ಅದರ ಗುಟ್ಟು."

ಇಷ್ಟು ವಿವರ ನನ್ನ ಬಾಯಿಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಎರಡು ದಿನದ ಹಿಂದೆ ನಮ್ಮ ಕೆಳಗಿನ ಮನೆಯ ಹಲ್ಲಿನ ಡಾಕ್ಟರ ಹತ್ತಿರ ದವಡೆ ಹಲ್ಲು ಕೀಳಿಸಿಕೊಂಡಿದ್ದೆ. ಅಲ್ಲಿ ಕಾಯುತ್ತಾ ಕೂತಾಗ ಕೈಗೆ ಸಿಕ್ಕಿದ್ದು ಒಂದು ಹಳೆಯ ಹೆಣಿಗೆ ಪುಸ್ತಕ. ನೋವು ಮರೆಯಲೆಂದು ಒಂದೇ ಚಿತ್ರವನ್ನು ಒಂದು ಗಂಟೆ ನೋಡಿದ್ದೆ. ಆ ಚಿತ್ರವೇ ಹಲ್ಲು ಹೋದ ಜಾಗದಿಂದ ಜಾರಿ ಹೊರಗೆ ಬಂದಿರಬೇಕು.

ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ತುಳಿದು ಹಾಗೇ ಇಟ್ಟುಕೊಂಡಳು. ಆದರೆ ಮಗಳ ಮುಖ ನೋಡಬೇಕಿತ್ತು ನೀವು. ಸಣ್ಣವಳಿದ್ದಾಗಿನಿಂದ ನನ್ನ ಹತ್ತಿರ ಇದು ಬೇಕು ಅದು ಬೇಕು ಎಂದು ಕೇಳಿದವಳಲ್ಲ. ಕೇಳಿದರೆ ಅಪ್ಪ ತೂಗಿ ಅಳೆದು ಕೊಡುತ್ತಾನೆ ಎಂದು ಗೊತ್ತಿತ್ತೋ ಏನೋ.

"ಅಪ್ಪಾ, ನಿಜಾನಾ? ನನಗೋಸ್ಕರಾನಾ?" ಎಂದಳು. ಆಮೇಲೆ ಬೀಗಿತ್ತಿಯ ಕಡೆ ತಿರುಗಿ, "ಅತ್ತೆ, ಬೇಜಾರು ಮಾಡ್ಕೋಬೇಡಿ. ಮಗೂನ ಆಸ್ಪತ್ರೆಯಿಂದ ಕರ್ಕೊಂಡು ಬರುವಾಗ ನನಗೆ ನಮ್ಮಪ್ಪನ ಹೊದಿಕೇನೇ ಬೇಕು. ನಮ್ಮಪ್ಪ ಒಂದು ಮಾತು ಹೇಳಿದ್ರೆ ಮುಗೀತು" ಎಂದಳು.

ಮುಗಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ನಾಲ್ಕು ಸ್ಟಾಪು ಬೆರಳು ಮಡಚಿ ತಿಂಗಳು ಎಣಿಸಿದಳು. ಐದನೆಯ ಸ್ಟಾಪಿನಲ್ಲಿ ಕೇಳಿದಳು: "ಯಾರು ಹೆಣೀತಾ ಇರೋದು?"

"ನೀನು ಸ್ವಲ್ಪ ಮನಸ್ಸು ಮಾಡಿದ್ರೆ..."

"ನನಗೆ ಅಂಗಿಯ ಗುಂಡಿ ಹಾಕೋದು ಬಿಟ್ರೆ ಬೇರೆ ಏನೂ ಬರಲ್ಲ. ಮಾತು ಕೊಟ್ಟ ಬಾಯಿ ಯಾರದು?"

"ನನ್ನದು."

"ಹಾಗಾದ್ರೆ ಕೈನೂ ನಿಮ್ಮದೇ ಆಗ್ಲಿ ರೀ."

ಮರುದಿನವೇ ಉಲ್ಲನ್ ಅಂಗಡಿಗೆ ಹೋದೆ. ಅಂಗಡಿಯ ಯಜಮಾನಿ ಕನ್ನಡಕದ ಮೇಲಿನಿಂದ ನೋಡುವ ವಯಸ್ಸಾದ ಹೆಂಗಸು. ಅಭ್ಯಾಸಬಲದಿಂದ ಮೊದಲು ನಾನು ಅವರ ತಕ್ಕಡಿ ನೋಡಿದೆ. ಸರಿಯಿತ್ತು. ಆಮೇಲೆ ಅವರು ನನ್ನ ಕೈ ನೋಡಿದರು. ಸರಿಯಿರಲಿಲ್ಲ. "ಸಾರ್, ಕಡ್ಡೀನ ಪೆನ್ನು ಹಿಡಿದ ಹಾಗೆ ಹಿಡೀರಿ. ನೀವು ಮೊಹರು ಒತ್ತೋ ಥರ ಹಿಡೀತೀರಿ" ಎಂದರು. ಆದರೂ ಕಲಿಸಿದರು. ಕುಣಿಕೆಯೊಳಗೆ ಕಡ್ಡಿಯ ಕೊಕ್ಕೆ ತೂರಿಸು, ದಾರ ಎಳೆ, ಇನ್ನೊಮ್ಮೆ ಸುತ್ತು, ಎರಡು ಕುಣಿಕೆಯೊಳಗಿಂದ ಎಳೆದು ತೆಗೆ. ಇಷ್ಟೇ ಕ್ರೋಶಾ. ಇಪ್ಪತ್ತನಾಲ್ಕು ಕುಣಿಕೆ ಹಾಕಿ, ಹಿಂದೆ ಮುಂದೆ ಇಪ್ಪತ್ತನಾಲ್ಕು ಸಾಲು ಹೋದರೆ ಒಂದು ಚೌಕ. ಗೋಲಿಯುಬ್ಬು ಬೇಕಾದ ಕಡೆ ಒಂದೇ ಕುಣಿಕೆಯಲ್ಲಿ ಐದು ಸಲ ಹೆಣೆದು ಒಟ್ಟಿಗೆ ಬಿಗಿಯಬೇಕು.

ನನ್ನ ಮೊದಲ ಚೌಕಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ದಿನಾ ಸಂಜೆ ಬಾಲ್ಕನಿಯಲ್ಲಿ ಕೂತು ಹೆಣೆಯುತ್ತಿದ್ದೆ. ಕೆಳಗೆ ಜನ ನಿಂತು ನೋಡುತ್ತಿದ್ದರು. ಹಲ್ಲಿನ ಡಾಕ್ಟರು ತಮ್ಮ ರೋಗಿಗಳನ್ನು ಹೊರಗೆ ಕರೆದು, "ನೋಡಿ, ಅವರು ದಿನಾ ಅಷ್ಟು ಒದ್ದಾಟ ತಡ್ಕೊಂಡು ಕೂತಿದ್ದಾರೆ, ನೀವು ಒಂದು ಹಲ್ಲಿಗೆ ಹೆದರ್ತೀರಲ್ಲ" ಎಂದು ಧೈರ್ಯ ಹೇಳುತ್ತಿದ್ದರಂತೆ. ಹತ್ತೊಂಬತ್ತನೆಯ ದಿನ ಚೌಕ ಮುಗಿಯಿತು. ಅದನ್ನು ಹಾಲಿನವನಿಗೆ ತೋರಿಸಿದೆ, ಪೇಪರಿನವನಿಗೆ ತೋರಿಸಿದೆ, ಗ್ಯಾಸ್ ಸಿಲಿಂಡರು ತಂದವನನ್ನು ನಿಲ್ಲಿಸಿಕೊಂಡು ತೋರಿಸಿದೆ. ನಾನು ಪರೀಕ್ಷೆ ಮಾಡಿ ಸರಿಯಿದೆ ಎಂದು ಕಂಡ ಯಾವ ವಸ್ತುವನ್ನೂ ಬರಿದೇ ಬಿಟ್ಟವನಲ್ಲ, ಹಾಗಾಗಿ ಹಿಂಬದಿಯ ಮೂಲೆಯಲ್ಲಿ ನೀಲಿ ಶಾಯಿಯ ಮೊಹರೂ ಒತ್ತಿದೆ.

ಹೆಂಡತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ. ಇನ್ನು ನಲವತ್ತೇಳು" ಎಂದಳು.

ಲೆಕ್ಕ ಹಾಕಿದೆ. ಎರಡೂವರೆ ವರ್ಷವಾಗುತ್ತಿತ್ತು. ಅಷ್ಟು ಹೊತ್ತಿಗೆ ಮೊಮ್ಮಗುವೇ ನಡೆದುಕೊಂಡು ಬಂದು "ತಾತಾ, ಮುಗೀತಾ?" ಎಂದು ಕೇಳುತ್ತದೆ. ಹೆರಿಗೆಗೆ ಉಳಿದದ್ದು ಎರಡು ತಿಂಗಳ ಮೇಲೆ ಸ್ವಲ್ಪ.

ಆಗ ನನಗೆ ಹೊಳೆದದ್ದು ಆಡಳಿತದ ಉಪಾಯ. ನಮ್ಮ ಕಟ್ಟಡದಲ್ಲಿ ನಮ್ಮದು ಬಿಟ್ಟು ಹನ್ನೆರಡು ಮನೆ. ಮನೆಗೆ ನಾಲ್ಕು ಚೌಕದಂತೆ ಹಂಚಿದರೆ ನಲವತ್ತೆಂಟು. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುತ್ತಾ ಹೋದರೆ ಅರ್ಧ ಮರೆಯುತ್ತಾರೆ. ಅದಕ್ಕೇ ಊಟದ ಬಿಡುವಿನಲ್ಲಿ ಕಚೇರಿಯಲ್ಲೇ ಕೂತು ಒಂದು ಕೋರಿಕೆ ಪತ್ರ ಟೈಪು ಮಾಡಿದೆ. ಇಲ್ಲಿ ಒಂದು ಮಾತು ಹೇಳಬೇಕು. ಮೂವತ್ತೆರಡು ವರ್ಷ ಒಂದೇ ಥರ ಬರೆದ ಕೈ ಇದು. ಹೆಂಡತಿಗೆ ತರಕಾರಿ ಚೀಟಿ ಬರೆದರೂ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದೇ ಶುರುವಾಗುತ್ತದೆ. ಹಾಗಾಗಿ ನೆರೆಹೊರೆಯವರಿಗೆ ಬರೆದ ಕೋರಿಕೆ ಹೀಗೆ ಬಂತು:

"ವಿಷಯ: ಉಲ್ಲನ್ ಚೌಕಗಳನ್ನು ಹೆಣೆದು ಸಲ್ಲಿಸುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಪತ್ರ ತಲುಪಿದ ಇಪ್ಪತ್ತು ದಿನಗಳೊಳಗಾಗಿ ತಾವು ತಲಾ ನಾಲ್ಕು ಚೌಕಗಳನ್ನು, ಇಪ್ಪತ್ತನಾಲ್ಕು ಕುಣಿಕೆ ಅಗಲ ಮತ್ತು ಇಪ್ಪತ್ತನಾಲ್ಕು ಸಾಲು ಎತ್ತರದಂತೆ, ತಿಳಿ ಬಣ್ಣದ ಉಲ್ಲನ್ನಿನಲ್ಲಿ ಹೆಣೆದು ಈ ಕೆಳಗೆ ರುಜು ಮಾಡಿದವರಿಗೆ ತಪ್ಪದೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಕಾರಣ ನೀಡತಕ್ಕದ್ದು. ಹೆಣೆಯುವ ವಿಧಾನ ಹಿಂಬದಿಯಲ್ಲಿದೆ."

ಓದಿ ನೋಡಿದೆ. ವಿನಯವಾಗಿಯೇ ಇತ್ತು. ಹನ್ನೆರಡು ಪ್ರತಿ ತೆಗೆದು, ರುಜು ಹಾಕಿ, ಮೊಹರಿಲ್ಲದ ಕಾಗದ ಮೈಮೇಲೆ ಬಟ್ಟೆಯಿಲ್ಲದ ಹಾಗೆ ಕಾಣುತ್ತದೆಂದು ಮೊಹರೂ ಒತ್ತಿದೆ. ಅಷ್ಟರಲ್ಲಿ ಯಾರೋ ತಕ್ಕಡಿ ತಂದರು. ಕೈಯಲ್ಲಿದ್ದ ಕಟ್ಟನ್ನು ಬಲಗಡೆಯ ಟ್ರೇಯಲ್ಲಿಟ್ಟು ಎದ್ದು ಹೋದೆ. ಬಂದು ನೋಡಿದರೆ ಕಟ್ಟು ಇಲ್ಲ.

ನಮ್ಮ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಹೆಂಗಸೊಬ್ಬರಿದ್ದಾರೆ. ಟಪಾಲಮ್ಮ ಎಂದೇ ಎಲ್ಲರೂ ಕರೆಯುವುದು. ಅವರಷ್ಟು ಕರ್ತವ್ಯನಿಷ್ಠರನ್ನು ನಾನು ಕಂಡಿಲ್ಲ. ಬಲಗಡೆ ಟ್ರೇಯಲ್ಲಿ ಏನಿದ್ದರೂ ಅದು ರವಾನೆಯಾಗುತ್ತದೆ. ಒಮ್ಮೆ ದೊಡ್ಡ ಸಾಹೇಬರ ಕನ್ನಡಕವೇ ರವಾನೆಯಾಗಿ, ಎಂಟನೆಯ ಶಾಖೆಯಿಂದ 'ಸ್ವೀಕರಿಸಿ ಪರಿಶೀಲಿಸಲಾಯಿತು' ಎಂಬ ಪತ್ರದೊಡನೆ ವಾಪಸು ಬಂದಿತ್ತು. ಇಲಾಖೆಗೆ ಇರುವುದು ಹನ್ನೆರಡು ಶಾಖೆ. ಟ್ರೇಯಲ್ಲಿ ಇದ್ದದ್ದು ಹನ್ನೆರಡು ಪ್ರತಿ. ಟಪಾಲಮ್ಮನಿಗೆ ಬೇರೆ ಏನು ಬೇಕು?

ಇದು ನನಗೆ ಆಗ ತಿಳಿಯಲಿಲ್ಲ. ಕಸ ಗುಡಿಸುವವರು ಎಸೆದಿರಬೇಕು ಎಂದುಕೊಂಡೆ. ಇನ್ನೊಮ್ಮೆ ಟೈಪು ಮಾಡೋಣವೆಂದರೆ ಮರುದಿನದಿಂದ ಪೇಟೆ ತಪಾಸಣೆಗೆ ಹಾಕಿದರು. ಹದಿಮೂರನೆಯ ದಿನ ನಾನು ಕಚೇರಿಗೆ ಬಂದಾಗ ಟಪಾಲಮ್ಮ ಒಂದು ರಿಜಿಸ್ಟರ್ಡ್ ಪಾರ್ಸೆಲು ಹಿಡಿದು ನಿಂತಿದ್ದರು.

"ಮೂರನೇ ಶಾಖೆಯಿಂದ ಬಂದಿದೆ ಸಾರ್, ನಿಮ್ಮ ಹೆಸರಿಗೆ. ಮೆತ್ತಗಿದೆ."

ಬಿಚ್ಚಿದೆವು. ಒಳಗೆ ನಾಲ್ಕು ಉಲ್ಲನ್ ಚೌಕ. ಜೊತೆಗೆ ಪತ್ರ: "ತಮ್ಮ ಆದೇಶದಂತೆ ನಾಲ್ಕು ಚೌಕಗಳನ್ನು ಇದರೊಂದಿಗೆ ಲಗತ್ತಿಸಿದೆ. ಸ್ವೀಕೃತಿ ನೀಡಲು ಕೋರಿದೆ."

ಕಟ್ಟು ಎಲ್ಲಿ ಹೋಗಿತ್ತೆಂದು ಆಗ ತಿಳಿಯಿತು. ಆವತ್ತೇ ಎಲ್ಲ ಶಾಖೆಗೂ ಫೋನು ಮಾಡಿ ನಿಲ್ಲಿಸಬೇಕಿತ್ತು, ಒಪ್ಪುತ್ತೇನೆ. ಫೋನು ಕೈಗೆತ್ತಿಕೊಂಡೂ ಇದ್ದೆ. ಅಷ್ಟರಲ್ಲಿ ಏಳನೆಯ ಶಾಖೆಯ ಪಾರ್ಸೆಲು ಬಂತು. ಅದರ ಚಿಪ್ಪಿನ ಚೌಕ ಎಷ್ಟು ಚೆನ್ನಾಗಿತ್ತೆಂದರೆ ಫೋನು ಕೆಳಗಿಟ್ಟೆ.

ಆಮೇಲೆ ದಿನಾ ಬಂದವು. ಚೌಕಗಳ ಜೊತೆ ಪತ್ರಗಳೂ ಬಂದವು. ಐದನೆಯ ಶಾಖೆಯವರು 'ತಿಳಿ ಬಣ್ಣ ಎಂದರೆ ಎಷ್ಟು ತಿಳಿ, ಸ್ಪಷ್ಟೀಕರಣ ಕೋರಿದೆ' ಎಂದು ಬರೆದರು. ಏಳನೆಯ ಶಾಖೆಯವರು ತಮ್ಮ ಇನ್‌ಸ್ಪೆಕ್ಟರರ ಹೆಣಿಗೆಯ ಪ್ರತಿಭೆಯನ್ನು ಸೇವಾ ಪುಸ್ತಕದಲ್ಲಿ ದಾಖಲಿಸಲು ಅನುಮತಿ ಕೇಳಿದರು. ಒಂಬತ್ತನೆಯ ಶಾಖೆಗೆ ಬಟ್ಟಿಗೆ ಮೊಹರು ಹಾಕಿಸಲು ಬಂದ ಕಿರಾಣಿಯವನೊಬ್ಬನ ಎರಡು ಕೈಗೆ ಉಲ್ಲನ್ ಸುತ್ತಿ ಕೂರಿಸಿದ್ದರಂತೆ. ಅವನು ಮರುದಿನ ಯಾರೂ ಕರೆಯದೆ ತಾನಾಗಿಯೇ ಬಂದು ಕೂತನಂತೆ. ಹನ್ನೆರಡನೆಯ ಶಾಖೆ ಎಂದಿನಿಂದಲೂ ಮೈಗಳ್ಳ ಶಾಖೆ. ಅವರು ಎರಡೇ ಚೌಕ ಕಳಿಸಿ, 'ಸಿಬ್ಬಂದಿ ಕೊರತೆಯಿಂದಾಗಿ ಉಳಿದೆರಡು ಸಾಧ್ಯವಾಗಿಲ್ಲ' ಎಂದು ಕೈ ತೊಳೆದುಕೊಂಡರು.

ಯಾಕೆ, ಏನು, ಯಾರಿಗೆ ಎಂದು ಹನ್ನೆರಡರಲ್ಲಿ ಒಂದು ಶಾಖೆಯೂ ಕೇಳಲಿಲ್ಲ. ಇದನ್ನು ಶಿಸ್ತು ಎನ್ನುತ್ತಾರೆ. ಬೇರೆ ಇಲಾಖೆಯಲ್ಲಿ ಇದು ನಡೆಯುತ್ತಿತ್ತೇ ಹೇಳಿ?

ನಲವತ್ತಾರು ಬಂತು, ನನ್ನದೊಂದು ಸೇರಿ ನಲವತ್ತೇಳು. ಎಲ್ಲವನ್ನೂ ನನ್ನ ಬೀರುವಿನಲ್ಲಿ, ಮೊದಲು ಸುಳ್ಳು ಬಟ್ಟುಗಳನ್ನಿಡುತ್ತಿದ್ದ ಖಾನೆಯಲ್ಲಿ ಜೋಡಿಸಿದ್ದೆ. ಒಂದು ಸೋಮವಾರ ದೊಡ್ಡ ಸಾಹೇಬರು ರಜೆ ಮುಗಿಸಿ ಬಂದರು. ಬಂದವರ ಮೇಜಿನ ಮೇಲೆ, ಸ್ಪಷ್ಟೀಕರಣ ಸಿಗದೆ ಬೇಸತ್ತ ಐದನೆಯ ಶಾಖೆಯವರು ನೇರವಾಗಿ ಅವರಿಗೇ ಬರೆದ ಪತ್ರ ಕೂತಿತ್ತು. ಹನ್ನೊಂದು ಗಂಟೆಗೆ ನನಗೆ ಕರೆ ಬಂತು, ಚೌಕಗಳ ಸಮೇತ.

ಒಳಗೆ ಹೋದಾಗ ಟಪಾಲಮ್ಮ ಆಗಲೇ ಅಲ್ಲಿದ್ದರು. ಸಾಹೇಬರು ಉದ್ದನೆಯ ಮೇಜಿನ ಮೇಲೆ ನಲವತ್ತೇಳನ್ನೂ ಹರಡಿಸಿ, ಸ್ಟೀಲಿನ ಅಳತೆಪಟ್ಟಿ ಹಿಡಿದು ಒಂದೊಂದನ್ನೇ ಅಳೆಯತೊಡಗಿದರು. ಹತ್ತು ಚೌಕ ಅಳೆಯುವಷ್ಟರಲ್ಲಿ ಅವರ ಕಿವಿ ಕೆಂಪಾಯಿತು.

"ಏನ್ರೀ ಇದು? ಇದು ಹನ್ನೊಂದು ಸೆಂಟಿಮೀಟರು. ಇದು ಹತ್ತೊಂಬತ್ತು. ಇದು ಇಪ್ಪತ್ಮೂರು! ಇದು ಒಂದು ಕಡೆ ಹದಿನಾಲ್ಕು, ಇನ್ನೊಂದು ಕಡೆ ಹದಿನಾರು!"

"ಎಣಿಕೆ ಎಲ್ಲಾ ಸರಿಯಾಗಿದೆ ಸಾರ್. ಇಪ್ಪತ್ನಾಲ್ಕು ಕುಣಿಕೆ, ಇಪ್ಪತ್ನಾಲ್ಕು ಸಾಲು. ನಾನೇ ಎಣಿಸಿದೀನಿ."

"ಎಣಿಕೆ ಯಾರಿಗೆ ಬೇಕ್ರೀ? ನಾವು ಎಣಿಕೆ ಇಲಾಖೇನಾ, ಅಳತೆ ಇಲಾಖೇನಾ? ಅಳತೆ ಹೇಳದೆ ಆದೇಶ ಹೊರಡಿಸಿದೀರಿ! ಒಬ್ಬನ ಕೈ ಬಿಗಿ, ಒಬ್ಬನ ಕೈ ಸಡಿಲ, ಅಷ್ಟೂ ಗೊತ್ತಾಗಲ್ವಾ? ಈ ಇಲಾಖೆಯಿಂದ ನಲವತ್ತೇಳು ಚೌಕ ಹೊರಟು, ಅದರಲ್ಲಿ ಎರಡು ಚೌಕ ಒಂದೇ ಅಳತೆ ಇಲ್ಲ ಅಂದ್ರೆ, ನಾಳೆ ಅಂಗಡಿಯವರು ನಮ್ಮ ಮುಖಕ್ಕೆ ಉಗೀತಾರೆ!"

ಅವರ ಸಿಟ್ಟು ಚೌಕ ಹೆಣೆಸಿದ್ದಕ್ಕಲ್ಲ! ಯಾಕೆ ಹೆಣೆಸಿದೆ ಎಂದು ಅವರೂ ಕೇಳಲಿಲ್ಲ. ಆಮೇಲೆ ಟಪಾಲಮ್ಮ ಹೇಳಿದ ಮೇಲೆ ತಿಳಿಯಿತು. ಸಾಹೇಬರು ಕಾಗದಗಳಿಗೆ ಓದದೆ ರುಜು ಹಾಕುವವರು. ಇದಕ್ಕೂ ತಾವೇ ಯಾವಾಗಲೋ ಒಪ್ಪಿಗೆ ಕೊಟ್ಟಿರಬೇಕು, ಕೇಳಿದರೆ ಓದಿಲ್ಲವೆಂದು ಬಯಲಾಗುತ್ತದೆ ಎಂಬ ಭಯ ಅವರಿಗೆ.

"ನನಗೆ ಇದರ ಉದ್ದೇಶ ಚೆನ್ನಾಗಿ ಗೊತ್ತು" ಎಂದು ಅವರು ಗಂಟಲು ಸರಿಮಾಡಿಕೊಂಡರು. "ಉದ್ದೇಶ ಒಳ್ಳೇದೇ. ಆದರೆ ಅಳತೆ ಸುಳ್ಳು. ಸುಳ್ಳು ಅಳತೆ ಸಿಕ್ಕಿದ್ರೆ ನಿಯಮ ಏನು ಹೇಳುತ್ತೆ?"

ಈ ಪ್ರಶ್ನೆಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ಉತ್ತರ ಹೇಳುತ್ತೇನೆ. ಆವತ್ತು ಮಾತ್ರ ಚೌಕಗಳನ್ನು ನನ್ನ ಹತ್ತಿರಕ್ಕೆ ಎಳೆದುಕೊಳ್ಳತೊಡಗಿದೆ.

"ಹೇಳ್ರೀ!"

"ನಾಶ ಮಾಡತಕ್ಕದ್ದು ಸಾರ್."

"ಮತ್ತಿನ್ನೇನು? ಟಪಾಲಮ್ಮ, ಕತ್ತರಿ ತನ್ನಿ."

ಟಪಾಲಮ್ಮ ಕತ್ತರಿ ತಂದರು. ಅವರು ತರದೇ ಇರುವವರಲ್ಲ. ಸಾಹೇಬರು ಎಲ್ಲಕ್ಕಿಂತ ಮೇಲಿದ್ದ ಚೌಕ ಎತ್ತಿಕೊಂಡರು. ಏಳನೆಯ ಶಾಖೆಯ ಚಿಪ್ಪಿನ ಚೌಕ! ನನ್ನ ಕಣ್ಣಿಗೆ ಕಂಡದ್ದು ಮಗಳ ಮುಖ. ಮೂವತ್ತೆರಡು ವರ್ಷದ ಸೇವೆ, ಇನ್ನು ಏಳು ತಿಂಗಳಿಗೆ ನಿವೃತ್ತಿ, ಒಂದು ಕಪ್ಪುಚುಕ್ಕೆ ಇಲ್ಲದ ದಾಖಲೆ, ಎಲ್ಲ ಮರೆತು ಹೋಯಿತು. ಕೈ ಚಾಚಿ ಕತ್ತರಿಯ ಬಾಯಿಯನ್ನೇ ಹಿಡಿದುಕೊಂಡೆ.

"ಸಾರ್, ಕತ್ತರಿಸಬೇಡಿ. ಅದು ಇಲಾಖೇದಲ್ಲ. ಅದು ನನ್ನ ಮೊಮ್ಮಗೂಗೆ."

"ಏನಂದ್ರಿ?"

ಹೇಳಿಬಿಟ್ಟೆ. ಬೀಗಿತ್ತಿಯ 'ಪಾಪ'ದಿಂದ ಹಿಡಿದು ಬಲಗಡೆ ಟ್ರೇ ತನಕ ಎಲ್ಲವನ್ನೂ ಹೇಳಿಬಿಟ್ಟೆ. ಟಪಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಸಾಹೇಬರು ಕತ್ತರಿ ಕೆಳಗಿಟ್ಟರು.

"ಹಾಗಾದ್ರೆ ಆ ಆದೇಶಕ್ಕೆ ನಾನು ರುಜು ಹಾಕಿಲ್ವಾ?"

"ಇಲ್ಲ ಸಾರ್. ರುಜು ನನ್ನದೇ."

"ಖಂಡಿತಾ?"

"ಖಂಡಿತಾ ಸಾರ್."

ಒಬ್ಬ ಮನುಷ್ಯನ ಮುಖದಲ್ಲಿ ಅಷ್ಟು ಸಂತೋಷ ಅಷ್ಟು ಬೇಗ ಬಂದದ್ದನ್ನು ನಾನು ಕಂಡಿರಲಿಲ್ಲ. ಅವರು ಕುರ್ಚಿಯಲ್ಲಿ ಒರಗಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಗಂಭೀರವಾದರು. "ಇಲಾಖೆಗೆ ಸೇರದ ವಸ್ತು ಕಚೇರಿಯಲ್ಲಿ ಇರಕೂಡದು. ಐದು ನಿಮಿಷದಲ್ಲಿ ತಗೊಂಡು ಹೋಗಬೇಕು. ನಿಮಗೆ ಒಂದು ಎಚ್ಚರಿಕೆ ಪತ್ರ ಬರುತ್ತೆ" ಎಂದರು. ನಾನು ಚೀಲ ತುಂಬಿಸಿಕೊಂಡು ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಕೇಳಿದರು: "ಹೆರಿಗೆ ಯಾವಾಗ ರೀ?"

ಎಚ್ಚರಿಕೆ ಪತ್ರ ಸಂಜೆಯೇ ಕೈಗೆ ಬಂತು. ಸೇವೆಯಲ್ಲಿ ನನಗೆ ಬಂದ ಮೊದಲನೆಯದು. ಒಂದು ಅಕ್ಷರದ ತಪ್ಪಿಲ್ಲದೆ ಟೈಪಾಗಿತ್ತು.

ಹೆಂಡತಿ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಈಗ ಪ್ರವಾಹ ಬರುತ್ತದೆ ಎಂದು ನಾನು ಸೋಫಾದ ಮೂಲೆ ಹಿಡಿದು ಕೂತೆ.

"ಸಾಹೇಬರ ಎದುರಿಗೆ ಹೇಳಿದ್ರಾ, ಮೊಮ್ಮಗೂಗೆ ಅಂತ?"

"ಹೇಳ್ದೆ."

"ಕತ್ತರಿ ಹಿಡ್ಕೊಂಡ್ರಾ?"

"ಹಿಡ್ಕೊಂಡೆ."

ಅವಳು ಪತ್ರ ಮಡಚಿ ನನ್ನ ಜೇಬಿನಲ್ಲಿಟ್ಟಳು. ಚೀಲ ನೆಲದ ಮೇಲೆ ಸುರಿದು, ಸೆರಗು ಸಿಕ್ಕಿಸಿಕೊಂಡು ಚೌಕಗಳ ನಡುವೆ ಕೂತಳು. "ಕಲಿಸಿ ನನಗೆ" ಎಂದಳು. ಹತ್ತೊಂಬತ್ತು ದಿನದಲ್ಲಿ ನಾನು ಕಲಿತದ್ದನ್ನು ಅವಳು ಒಂದು ಸಂಜೆಯಲ್ಲಿ ಕಲಿತಳು. ಇದಕ್ಕೆ ಕಾರಣ ನಾನು ಕಲಿಸಿದ ರೀತಿ.

ಅಳತೆಯ ರೋಗಕ್ಕೆ ಮದ್ದು ಹೇಳಿದ್ದು ಉಲ್ಲನ್ ಅಂಗಡಿಯ ಯಜಮಾನಿ. ಚೌಕಗಳನ್ನು ನೋಡಿ ಅವರಿಗೆ ನಕ್ಕು ನಕ್ಕು ಕೆಮ್ಮು ಬಂತು. "ಅಯ್ಯೋ ಸಾರ್, ಇದಕ್ಕೆ ಯಾಕೆ ಅಷ್ಟು ಚಿಂತೆ? ದೊಡ್ಡದು ಇದ್ದ ಹಾಗೇ ಇರ್ಲಿ. ಚಿಕ್ಕದರ ಸುತ್ತ ಅಂಚು ಹಾಕ್ತಾ ಬನ್ನಿ. ಅತಿ ಚಿಕ್ಕದಕ್ಕೆ ಆರು ಸುತ್ತು, ನಡುವಿನದಕ್ಕೆ ಮೂರು ಸುತ್ತು. ದೊಡ್ಡದರ ಸಮಕ್ಕೆ ಬಂದು ನಿಲ್ಲುತ್ತೆ. ಚಿಕ್ಕದು ಅಂತ ಯಾವುದನ್ನೂ ಎಸೆಯೋ ಕೆಲಸ ಇದರಲ್ಲಿ ಇಲ್ಲ" ಎಂದರು. ಮೂವತ್ತೆರಡು ವರ್ಷ ಕಡಿಮೆ ಬಿದ್ದದ್ದನ್ನೆಲ್ಲ ನಾಶ ಮಾಡಿಸಿದ ನನಗೆ ಇದು ಹೊಸ ಕಾನೂನು. ಮೂರನೆಯ ಶಾಖೆಯ ಬಿಗಿಗೈಯವನ ಪುಟ್ಟ ಚೌಕಕ್ಕೆ ಆರು ಸುತ್ತು ಅಂಚು ಬಿದ್ದ ಮೇಲೆ ಅದು ಚೌಕಟ್ಟು ಹಾಕಿಸಿದ ಚಿತ್ರದ ಹಾಗಾಯಿತು. ನಿಜ ಹೇಳಬೇಕೆಂದರೆ ಹೊದಿಕೆಯಲ್ಲಿ ಅತ್ಯಂತ ಚೆಂದ ಕಾಣುವುದೇ ಅದು.

ಹೆಂಡತಿ ಅಂಚು ಹಾಕುತ್ತಾ, ನಾನು ಜೋಡಿಸುತ್ತಾ ಬಂದೆವು. ಕೊನೆಯ ಮೂಲೆಗೆ ಒಂದು ಚೌಕ ಕಡಿಮೆ ಬಿತ್ತು. ನಾನೇ ಹೆಣೆಯಲು ಕೂತೆ. ಆರು ಸಾಲು ಮುಗಿಸಿದ್ದೆ, ಅಷ್ಟರಲ್ಲಿ ಅಳಿಯನ ಫೋನು ಬಂತು. ಮೊಮ್ಮಗಳು ತಾತನ ವೇಳಾಪಟ್ಟಿಗೆ ಕಾಯದೆ ಎರಡು ವಾರ ಮೊದಲೇ ಬಂದುಬಿಟ್ಟಿದ್ದಳು.

ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ನಾವಿಬ್ಬರೂ ಹೊದಿಕೆ ಹಿಡಿದುಕೊಂಡು ಹೋದೆವು. ಕೋಣೆಯಲ್ಲಿ ಬೀಗರು, ಬೀಗಿತ್ತಿ ಆಗಲೇ ಇದ್ದರು. ಬೀಗಿತ್ತಿಯ ತೊಡೆಯ ಮೇಲೆ ದೊಡ್ಡ ಅಂಗಡಿಯ ಹೊದಿಕೆ ಮಡಚಿಟ್ಟು ಸಿದ್ಧವಾಗಿತ್ತು. ಮಗಳು ಬಾಗಿಲನ್ನೇ ನೋಡುತ್ತಿದ್ದಳು. "ತಂದಿಯಾ ಅಪ್ಪಾ?" ಎಂದಳು.

ಹಾಸಿಗೆಯ ಮೇಲೆ ಹರಡಿದೆವು. ನರ್ಸಮ್ಮ ಥರ್ಮಾಮೀಟರು ಹಿಡಿದುಕೊಂಡೇ ನಿಂತುಬಿಟ್ಟರು. ಮಗಳು ಎರಡೂ ಕೈಯಿಂದ ಚೌಕದಿಂದ ಚೌಕಕ್ಕೆ ಸವರುತ್ತಾ ಹೋದಳು. ಗೋಲಿ, ಬುಟ್ಟಿ, ಗೆರೆ, ಚಿಪ್ಪು. ಒಂದರ ಹತ್ತಿರ ಕೈ ನಿಲ್ಲಿಸಿ, ಎತ್ತಿ ಹಿಂಬದಿ ನೋಡಿ ನಕ್ಕಳು. "ಇದು ನಿಂದು."

"ಹೇಗೆ ಗೊತ್ತಾಯ್ತು?"

"ಹಿಂದುಗಡೆ ಮೊಹರು ಹಾಕಿದೀಯಲ್ಲಪ್ಪಾ."

ಹೇಳಿ ನಗುತ್ತಾ ನಗುತ್ತಾ ಅತ್ತುಬಿಟ್ಟಳು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದೇಕೆ? ಉಳಿದ ಚೌಕಗಳು ಎಲ್ಲೆಲ್ಲಿಂದ ಬಂದವು ಎಂದು ನಾನು ಒಂದನೆಯ ಶಾಖೆಯಿಂದ ಶುರುಮಾಡಿ ವಿವರಿಸತೊಡಗಿದೆ. ನಾಲ್ಕನೆಯ ಶಾಖೆಗೆ ಬಂದಿದ್ದೆ. ಅಷ್ಟು ಹೊತ್ತೂ ಹೊದಿಕೆಯನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸುತ್ತಿದ್ದ ಬೀಗಿತ್ತಿಯ ಕೈ ಕೊನೆಯ ಮೂಲೆಗೆ ಬಂದು ಬರಿಯ ಹಾಸಿಗೆ ಮುಟ್ಟಿತು.

"ಇದೇನಿದು ಬೀಗರೇ? ಇಲ್ಲಿ ಒಂದು ಚೌಕವೇ ಇಲ್ಲ! ಪೂರ್ತಿ ಮಾಡೋಕಾಗ್ಲಿಲ್ವಾ, ಪಾಪ?"

ಹೆಂಡತಿ ಕಣ್ಣು ಮುಚ್ಚಿಕೊಂಡಳು. ನನ್ನ ಬಾಯಿ ಎಂಥದ್ದು ಎಂದು ಅವಳಿಗೆ ಗೊತ್ತು.

"ಇಲ್ದೆ ಏನು? ಬೇಕೂಂತಲೇ ಬಿಟ್ಟಿದ್ದು" ಎಂದೆ. "ಅದು ಬೀಗರ ಜಾಗ. ಮಗೂಗೆ ಇಬ್ಬರು ತಾತಂದಿರು ಇರುವಾಗ ಒಬ್ಬನೇ ಪೂರ್ತಿ ಮಾಡೋದು ನ್ಯಾಯಾನಾ?"

ಬೀಗರು ತಲೆಯಾಡಿಸುವುದನ್ನು ನಿಲ್ಲಿಸಿದರು. ಕಿಟಕಿಯ ಪಕ್ಕದ ಕುರ್ಚಿಯಿಂದ ನಿಧಾನವಾಗಿ ಎದ್ದು ನಿಂತರು.

"ನಂದಾ?" ಎಂದರು. "ನನಗೆ ಅಂತ ಬಿಟ್ರಾ? ಈ ಒಂಬತ್ತು ತಿಂಗಳಲ್ಲಿ ಯಾರೂ ನನಗೆ ಒಂದು ಕೆಲಸ ಹೇಳಿರ್ಲಿಲ್ಲ ಬೀಗರೇ."

ಅಷ್ಟು ಉದ್ದದ ಮಾತು ಅವರಿಂದ ಬಂದದ್ದು ನೋಡಿ ಬೀಗಿತ್ತಿ ಹೊದಿಕೆಯ ಮೂಲೆ ಬಿಟ್ಟು ಅವರ ಕಡೆ ತಿರುಗಿದರು. ನಾನು ಹೇಳಿದ್ದು ಸುಳ್ಳು, ನಿಜ. ಆದರೆ ಬೀಗರ ಮುಖ ನೋಡಿದ ಮೇಲೆ ಅದನ್ನು ನಾನು ಮೊದಲಿನಿಂದಲೂ ಹಾಗೇ ಅಂದುಕೊಂಡಿದ್ದೆ ಎಂದು ನನಗೇ ಅನ್ನಿಸಿತು. ಜೇಬಿನಿಂದ ಕಡ್ಡಿ ತೆಗೆದೆ, ಉಲ್ಲನ್ ಉಂಡೆ ಕೊಟ್ಟೆ, ಇಪ್ಪತ್ತನಾಲ್ಕು ಕುಣಿಕೆ ನಾನೇ ಹಾಕಿ ಶುರುಮಾಡಿಕೊಟ್ಟೆ. "ಪೆನ್ನು ಹಿಡಿದ ಹಾಗೆ ಹಿಡೀರಿ" ಎಂದೆ.

ಆಸ್ಪತ್ರೆಯ ಕಾಗದಪತ್ರ ಮುಗಿಯುವುದಕ್ಕೆ ನಾಲ್ಕು ಗಂಟೆ ಹಿಡಿಯಿತು. ನಾಲ್ಕು ಗಂಟೆಯೂ ಬೀಗರು ತಲೆ ಎತ್ತಲಿಲ್ಲ. ಟೀ ಆರಿಹೋಯಿತು. ಬೀಗಿತ್ತಿ ಎರಡು ಸಲ ಕರೆದರು, ಕೇಳಿಸಲಿಲ್ಲ. ಕೊನೆಗೆ ಬೆವರು ಒರೆಸಿಕೊಂಡು ಎದ್ದು ಬಂದು, ಎರಡೂ ಅಂಗೈ ಮೇಲೆ ಇಟ್ಟು ನನ್ನ ಮುಂದೆ ಹಿಡಿದರು.

"ಬೀಗರೇ, ಅದು ತಾನಾಗೇ ಮುಗಿದುಹೋಯ್ತು. ನೋಡಿ. ಚೌಕ ಬಂದಿದೆಯಾ?"

ನೋಡಿದೆ. ಪ್ರತಿ ಸಾಲಿನ ಕೊನೆಯಲ್ಲಿ ಒಂದೊಂದು ಕುಣಿಕೆ ಮರೆಯುತ್ತಾ ಹೋಗಿದ್ದರು. ಇಪ್ಪತ್ತನಾಲ್ಕು ಇಪ್ಪತ್ತಮೂರಾಗಿ, ಇಪ್ಪತ್ತೆರಡಾಗಿ, ಮೇಲೆ ಹೋಗಿ ಒಂದರಲ್ಲಿ ನಿಂತಿತ್ತು. ಅದಕ್ಕೆ ಇದ್ದದ್ದು ಮೂರೇ ಮೂಲೆ.

ಮಗಳು ತುಟಿ ಕಚ್ಚಿ ನಗು ತಡೆದುಕೊಂಡಳು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾನು ಅದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನಾಲ್ಕು ಸಲ ತಿರುಗಿಸಿ ನೋಡಿದೆ. ಮೂರು ಸಲ ಸಾಕಿತ್ತು.

"ಚೌಕವೇ ಬೀಗರೇ. ಸಂಶಯವೇ ಇಲ್ಲ."

ಹೆಂಡತಿ ಎರಡು ನಿಮಿಷದಲ್ಲಿ ಅದನ್ನು ಮೂಲೆಗೆ ಸೇರಿಸಿದಳು. ಮಗಳು ಮಗುವನ್ನು ಸುತ್ತಿಕೊಂಡು ಹೊರಟಳು. ಬೀಗರು ಅವಳ ಪಕ್ಕದಲ್ಲೇ ನಡೆಯುತ್ತಾ, ಆ ಮೂಲೆಯನ್ನು ಎತ್ತಿ ಹಿಡಿದು, ನರ್ಸಮ್ಮನಿಗೆ, ಲಿಫ್ಟಿನವನಿಗೆ, ಗೇಟಿನ ಕಾವಲಿನವನಿಗೆ, ಯಾರೋ ಅಪರಿಚಿತ ರೋಗಿಯ ಕಡೆಯವರಿಗೆ, "ಇದು ನಾನು ಹಾಕಿದ್ದು, ಇದು ನಾನು ಹಾಕಿದ್ದು" ಎಂದು ತೋರಿಸುತ್ತಾ ಹೋದರು. ನಾನೂ ಹಿಂದೆಯೇ ಇದ್ದೆ, ನನ್ನದನ್ನು ತೋರಿಸೋಣ ಎಂದು. ಕಾರಿನವರೆಗೂ ನನ್ನ ಸರದಿ ಬರಲೇ ಇಲ್ಲ.